ಮುಚ್ಚಿದ ಬಾಗಿಲೊಳಗೆ ಊದಿದ ಉಸಿರು

ಪಂಚಾಶತ್ತಮ ಹಬ್ಬದ ಪ್ರಬೋಧನೆ
(ಪ್ರೇ.ಕಾ. 2:1-11, 1 ಕೊರಿಂಥ 12:3-7, 12-13, ಯೊವಾನ್ನ 20:19-23)



ಪವಿತ್ರಾತ್ಮರ ಆಗಮನ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬೆಂಕಿಯ ನಾಲಗೆಗಳು ಮತ್ತು ಬಿರುಗಾಳಿಯ ಸದ್ದು. ಇಂದಿನ ಮೊದಲ ವಾಚನದಲ್ಲಿ ಸಂತ ಲೂಕರು ಆ ದೃಶ್ಯವನ್ನು ಚಿತ್ರಿಸಿದ್ದಾರೆ. ಅದಕ್ಕಾಗಿಯೇ ಬಲಿಪೀಠದ ಸುತ್ತ ಕೆಂಪು ಹೂಗಳಿವೆ, ಗುರುಗಳು ಕೆಂಪು ಪೂಜಾವಸ್ತ್ರ ಧರಿಸಿದ್ದಾರೆ. ಆದರೆ ಈಗಷ್ಟೇ ನಾವು ಕೇಳಿದ ಶುಭಸಂದೇಶದಲ್ಲಿ ಗಾಳಿಯ ಅಬ್ಬರವಿಲ್ಲ, ಬೆಂಕಿಯೂ ಇಲ್ಲ. ಅಲ್ಲಿರುವುದು ಒಂದು ಕೋಣೆ. ಬಾಗಿಲುಗಳು ಭದ್ರವಾಗಿ ಮುಚ್ಚಿವೆ. ಒಳಗೆ ಹೆದರಿ ಕುಳಿತ ಶಿಷ್ಯರು. ಅವರ ನಡುವೆ ಪ್ರಭು ಬಂದು ನಿಲ್ಲುತ್ತಾರೆ, ಶಾಂತಿಯನ್ನು ಹಾರೈಸುತ್ತಾರೆ, ಗಾಯಗಳನ್ನು ತೋರಿಸುತ್ತಾರೆ. ಆಮೇಲೆ ಅವರ ಮೇಲೆ ಉಸಿರೂದುತ್ತಾರೆ. ಸಂತ ಯೊವಾನ್ನರು ನಮಗೆ ಕೊಡುವ ಪಂಚಾಶತ್ತಮ ಹಬ್ಬ ಇಷ್ಟೇ. ಒಂದು ಉಸಿರು.

ಆ ಕೋಣೆಯೊಳಗೆ ಕುಳಿತವರ ತಲೆಯಲ್ಲಿ ಏನು ಓಡುತ್ತಿತ್ತು? ಯೆಹೂದ್ಯ ಅಧಿಕಾರಿಗಳ ಭಯವಿತ್ತು ಎಂದಷ್ಟೇ ಸಂತ ಯೊವಾನ್ನರು ಬರೆಯುತ್ತಾರೆ. ಉಳಿದುದನ್ನು ಊಹಿಸುವುದು ಕಷ್ಟವಲ್ಲ. ಪೇತ್ರರಿಗೆ ಕೋಳಿ ಕೂಗಿದ ಸದ್ದು ಮತ್ತೆ ಮತ್ತೆ ಕೇಳಿಸಿರಬೇಕು. ತೋಟದಿಂದ ಓಡಿಹೋದವರಿಗೆ ತಮ್ಮದೇ ಕಾಲ ಸಪ್ಪಳ ಕಿವಿಯಲ್ಲಿ ಉಳಿದಿರಬೇಕು. ಬೀದಿಯಲ್ಲಿ ಯಾರಾದರೂ ನಡೆದರೆ, ಇಗೋ ಬಂದರು ಎನಿಸಿರಬೇಕು. ಬಾಗಿಲಿಗೆ ಚಿಲಕ ಹಾಕಿದರೆ ಕಾವಲುಗಾರರು ಹೊರಗೆ ಉಳಿಯಬಹುದು. ಯೋಚನೆಗಳು ಮಾತ್ರ ನಮ್ಮ ಜೊತೆಯಲ್ಲೇ ಒಳಗೆ ಬಂದು ಕೂರುತ್ತವೆ.

ನಮ್ಮ ಮನೆಗಳಲ್ಲೂ ಇಂತಹ ಕೋಣೆಗಳಿವೆ. ರಾತ್ರಿ ಎರಡು ಗಂಟೆ. ಮನೆಯವರೆಲ್ಲ ಮಲಗಿದ್ದಾರೆ. ಸಾಲದ ಕಂತು ನೆನಪಾಗಿ ಒಬ್ಬರು ಸೂರು ನೋಡುತ್ತಾ ಮಲಗಿರುತ್ತಾರೆ. ಕೊಲ್ಲಿ ದೇಶದಲ್ಲಿರುವ ಮಗ ಎರಡು ದಿನದಿಂದ ಫೋನು ಮಾಡಿಲ್ಲವೆಂದು ತಾಯಿಯೊಬ್ಬಳು ಎದ್ದು ಕುಳಿತಿರುತ್ತಾಳೆ. ಫಲಿತಾಂಶ ನೋಡಿದ ಹುಡುಗಿ ದಿಂಬಿಗೆ ಮುಖ ಒತ್ತಿರುತ್ತಾಳೆ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿದ್ದವರನ್ನು ಸುಡುತ್ತದೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. 2021ರಲ್ಲಿ ಈ ಹಬ್ಬ ಮೇ 23ರಂದು ಬಂದಿತ್ತು. ನಮ್ಮ ದೇವಾಲಯಗಳ ಬಾಗಿಲುಗಳೂ ಆಗ ಮುಚ್ಚಿದ್ದವು. ಆ ದಿನಗಳಲ್ಲಿ ಬೆರಳಿಗೆ ಸಿಕ್ಕಿಸಿದ ಪುಟ್ಟ ಯಂತ್ರದಲ್ಲಿ ಆಮ್ಲಜನಕದ ಅಂಕಿ ಇಳಿಯುವುದನ್ನು ನೋಡುತ್ತಾ ಕುಳಿತ ಕುಟುಂಬಗಳು ಇಲ್ಲಿಯೂ ಇವೆ. ಆ ಅಂಕಿ ಇಂದಿಗೂ ಕೆಲವರ ಕನಸಿನಲ್ಲಿ ಬರುತ್ತದೆ.

ಇನ್ನೊಂದು ಬಗೆಯ ಯೋಚನೆಗಳಿವೆ. ಅವುಗಳ ಬಗ್ಗೆ ಪೀಠದಿಂದ ಯಾರೂ ಹೆಚ್ಚು ಮಾತಾಡುವುದಿಲ್ಲ, ಆದ್ದರಿಂದ ಇಂದು ನಾನು ಮಾತಾಡುತ್ತೇನೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಯಾವ ಗುರುವೂ ಹೊರಗೆ ಹೇಳುವಂತಿಲ್ಲ. ಆದರೆ ಎಲ್ಲ ಗುರುಗಳೂ, ಎಲ್ಲ ಮನೋವೈದ್ಯರೂ ಬಲ್ಲ ಸಂಗತಿಯೊಂದಿದೆ. ಹಸುಗೂಸಿಗೆ ಸ್ನಾನ ಮಾಡಿಸುವಾಗ ತಾಯಿಗೆ, ಇದನ್ನು ನಾನೇ ಕೈಬಿಟ್ಟುಬಿಟ್ಟರೆ ಎಂಬ ಯೋಚನೆ ಮಿಂಚಿನಂತೆ ಬಂದು ಎದೆ ನಡುಗಿಸುತ್ತದೆ. ಭಕ್ತಿವಂತ ಹಿರಿಯರೊಬ್ಬರಿಗೆ ಪರಮ ಪ್ರಸಾದವನ್ನು ಮೇಲೆತ್ತುವ ಕ್ಷಣದಲ್ಲೇ ಕೆಟ್ಟ ಮಾತೊಂದು ತಲೆಗೆ ಬರುತ್ತದೆ. ಕತ್ತಿ ಹಿಡಿದು ತರಕಾರಿ ಹೆಚ್ಚುವಾಗ, ಬಾವಿಕಟ್ಟೆಯ ಬಳಿ ನಿಂತಾಗ, ಬೇಡದ ಚಿತ್ರವೊಂದು ಕಣ್ಣೆದುರು ಹಾಯುತ್ತದೆ. ಯಾರಿಗೂ ಹೇಳಲಾಗದು. ಹೇಳಿದರೆ ನನ್ನನ್ನು ಹುಚ್ಚ ಎನ್ನುತ್ತಾರೆ, ಇಲ್ಲವೇ ದೆವ್ವ ಹಿಡಿದಿದೆ ಎನ್ನುತ್ತಾರೆ. ಹಾಗೆ ಹೆದರಿ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡವರಿದ್ದಾರೆ.

ಅವರಿಗೆ ಮೊದಲು ಹೇಳಬೇಕಾದ ಮಾತು: ಬೇಡವೆಂದರೂ ನುಗ್ಗುವ ಇಂತಹ ಯೋಚನೆಗಳು ಆರೋಗ್ಯವಂತರಿಗೂ ಬರುತ್ತವೆ. ಬಹಳ ಮಂದಿಗೆ ಬರುತ್ತವೆ. ಬಹುಪಾಲು ಜನ ಅದನ್ನು ಗಮನಿಸದೆ ಮುಂದೆ ಹೋಗುತ್ತಾರೆ. ಕೆಲವರ ಮನಸ್ಸು ಮಾತ್ರ ಅದನ್ನು ಹಿಡಿದು ನಿಲ್ಲಿಸಿ ವಿಚಾರಣೆ ನಡೆಸುತ್ತದೆ. ಆ ತಾಯಿ ನಡುಗುವುದು ಮಗುವಿನ ಮೇಲಿನ ಪ್ರೀತಿಯಿಂದ. ಆ ಹಿರಿಯರು ಸಂಕಟಪಡುವುದು ಪರಮ ಪ್ರಸಾದದ ಮೇಲಿನ ಭಕ್ತಿಯಿಂದ. ಮನಸ್ಸು ಒಪ್ಪದ, ಮನಸ್ಸಿಗೆ ಅಸಹ್ಯವೆನಿಸಿದ ಯೋಚನೆ ಪಾಪವಾಗುವುದಿಲ್ಲ. ಪಾಪಕ್ಕೆ ಸಮ್ಮತಿ ಬೇಕು. ಇದು ನನ್ನ ಸ್ವಂತ ಸಾಂತ್ವನವಲ್ಲ, ಧರ್ಮಸಭೆಯ ಹಳೆಯ ಬೋಧನೆ.

ಈ ಮಾತನ್ನು ತನ್ನ ಮೈಮೇಲೆ ಅನುಭವಿಸಿದ ಸಂತರೊಬ್ಬರಿದ್ದಾರೆ. ಲೊಯೋಲಾದ ಸಂತ ಇಗ್ನೇಷಿಯಸ್. ಯೇಸು ಸಭೆಯ ಸ್ಥಾಪಕರು, ಸಂತ ಫ್ರಾನ್ಸಿಸ್ ಕ್ಸೇವಿಯರರ ಗೆಳೆಯರು ಎಂದು ಅವರನ್ನು ಬಲ್ಲೆವು. 1521ರ ಮೇ 20ರಂದು ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿಯಿತು, ಹಾಸಿಗೆಯಲ್ಲಿ ಮಲಗಿ ಸಂತರ ಚರಿತ್ರೆ ಓದುತ್ತಾ ಅವರ ಮನಸ್ಸು ತಿರುಗಿತು ಎಂಬ ಕಥೆಯನ್ನು ಧರ್ಮೋಪದೇಶದ ಮಕ್ಕಳೂ ಹೇಳುತ್ತಾರೆ. ಅದರ ನಂತರದ ವರ್ಷವನ್ನು ಮಾತ್ರ ನಾವು ಬೇಗನೆ ದಾಟಿಬಿಡುತ್ತೇವೆ.

1522ರ ಮಾರ್ಚ್ ತಿಂಗಳು. ಮೊನ್ಸೆರಾತ್ ಬೆಟ್ಟದ ಮಾತೆಯ ಪುಣ್ಯಕ್ಷೇತ್ರದಲ್ಲಿ ಅವರು ತಮ್ಮ ಇಡೀ ಜೀವನದ ಪಾಪಗಳನ್ನು ಬರೆದು ನಿವೇದಿಸಿದರು. ಅದಕ್ಕೆ ಮೂರು ದಿನ ಹಿಡಿಯಿತು. ಕತ್ತಿಯನ್ನು ಮಾತೆಯ ಬಳಿ ಬಿಟ್ಟು, ಪಕ್ಕದ ಮನ್ರೇಸಾ ಪಟ್ಟಣಕ್ಕೆ ಇಳಿದರು. ಕೆಲವು ದಿನ ಇರಬೇಕೆಂದು ಬಂದವರು ಹತ್ತು ತಿಂಗಳಿಗೂ ಹೆಚ್ಚು ಅಲ್ಲೇ ಉಳಿದರು. ಅಲ್ಲಿ ಯೋಚನೆಗಳು ಮುತ್ತಿದವು. ಆ ಪಾಪ ಹೇಳಿದೆನೇ? ಪೂರ್ತಿ ಹೇಳಿದೆನೇ? ಸರಿಯಾಗಿ ಹೇಳಿದೆನೇ? ಮತ್ತೆ ಪಾಪನಿವೇದನೆಗೆ ಹೋದರು. ಹೊರಬಂದೊಡನೆ ಇನ್ನೂ ಸಣ್ಣದೊಂದು ನೆನಪಾಯಿತು. ಮತ್ತೆ ಹೋದರು. ಕೊನೆಗೆ ಗುರುಗಳು, ಬಹಳ ಸ್ಪಷ್ಟವಾಗಿ ಪಾಪವೆಂದು ತಿಳಿದಿದ್ದನ್ನು ಬಿಟ್ಟು ಹಿಂದಿನದನ್ನೇನೂ ಹೇಳಬೇಡ ಎಂದು ಆಜ್ಞೆ ಮಾಡಿದರು. ಒಳ್ಳೆಯ ಸಲಹೆಯೇ. ಆದರೆ ಆ ಮನಃಸ್ಥಿತಿಯಲ್ಲಿದ್ದವರಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತದಲ್ಲ! ಸಲಹೆ ವ್ಯರ್ಥವಾಯಿತು. ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥಿಸಿದರು, ಬಿಡುಗಡೆ ಸಿಗಲಿಲ್ಲ. ಅವರಿದ್ದ ಕೋಣೆಯಲ್ಲಿ ದೊಡ್ಡದೊಂದು ರಂಧ್ರವಿತ್ತಂತೆ. ಅದರೊಳಗೆ ಹಾರಿ ಪ್ರಾಣ ಕಳೆದುಕೊಳ್ಳುವ ಪ್ರಚೋದನೆ ತಮಗೆ ಪದೇ ಪದೇ ಬರುತ್ತಿತ್ತೆಂದು ಅವರೇ ಮುಂದೆ ತಮ್ಮ ಜೀವನವೃತ್ತಾಂತವನ್ನು ಹೇಳಿ ಬರೆಸುವಾಗ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಹಾಗೆ ಮಾಡಲಾರೆ, ನಿಮ್ಮ ಮನಸ್ಸನ್ನು ನೋಯಿಸಲಾರೆ ಎಂದು ದೇವರನ್ನು ಕೂಗಿ ಕೂಗಿ ತಡೆದುಕೊಂಡರು. ಒಂದು ವಾರ ಪೂರ್ತಿ ಅನ್ನ ನೀರು ಬಿಟ್ಟರು. ಗುರುಗಳು ಗದರಿಸಿ ಊಟ ಮಾಡಿಸಿದರು. ಎರಡು ದಿನ ಮನಸ್ಸು ಹಗುರಾಯಿತು, ಮೂರನೆಯ ದಿನ ಪಾಪಗಳ ಎಣಿಕೆ ಮತ್ತೆ ಶುರುವಾಯಿತು.

ಸಹೋದರ ಸಹೋದರಿಯರೇ, ಧರ್ಮಸಭೆಯ ಬಲಿಪೀಠದ ಗೌರವಕ್ಕೇರಿಸಿದ ವ್ಯಕ್ತಿಯ ಕಥೆ ಇದು. ಆತ್ಮಹತ್ಯೆಯ ಯೋಚನೆ ಬಂದವರಿಗೆ ವಿಶ್ವಾಸವಿಲ್ಲ, ಪ್ರಾರ್ಥನೆ ಸಾಲದು ಎಂದು ಸುಲಭವಾಗಿ ತೀರ್ಪು ಕೊಡುವವರು ಮನ್ರೇಸಾದ ಆ ಕೋಣೆಯನ್ನು ಒಮ್ಮೆ ನೆನೆಯಬೇಕು. ದಿನಕ್ಕೆ ಏಳು ಗಂಟೆಯ ಪ್ರಾರ್ಥನೆ ಸಾಲದಾಯಿತೇ?

ಬಿಡುಗಡೆ ಹೇಗೆ ಬಂತು? ಯೋಚನೆಗಳು ಎಲ್ಲಿಂದ ಬರುತ್ತವೆ, ತನ್ನನ್ನು ಎಲ್ಲಿಗೆ ಒಯ್ಯುತ್ತವೆ ಎಂದು ಅವರು ದೂರದಿಂದ ನೋಡಲು ಕಲಿತರು. ಈ ಎಣಿಕೆ ತನ್ನನ್ನು ದೇವರ ಬಳಿಗೆ ಒಯ್ಯುತ್ತಿಲ್ಲ, ಬದುಕಿನ ಮೇಲೇ ಜಿಗುಪ್ಸೆ ಹುಟ್ಟಿಸುತ್ತಿದೆ ಎಂದು ಕಂಡಾಗ, ಇನ್ನು ಹಳೆಯ ಪಾಪಗಳನ್ನು ಮತ್ತೆ ನಿವೇದಿಸುವುದಿಲ್ಲ ಎಂದು ನಿಶ್ಚಯಿಸಿದರು. ಯೋಚನೆಯೊಡನೆ ವಾದಿಸುವುದನ್ನು ಬಿಟ್ಟರು. ತಮ್ಮ ‘ಆಧ್ಯಾತ್ಮಿಕ ಸಾಧನೆ’ಯಲ್ಲಿ ಇಂತಹ ಅತಿಸಂಶಯದ ಬಗ್ಗೆಯೇ ಟಿಪ್ಪಣಿ ಬರೆದಿಟ್ಟರು. ನೆಲದ ಮೇಲೆ ಶಿಲುಬೆಯಾಕಾರದಲ್ಲಿ ಬಿದ್ದ ಎರಡು ಹುಲ್ಲುಕಡ್ಡಿಯನ್ನು ತಿಳಿಯದೆ ತುಳಿದು, ಪಾಪ ಮಾಡಿದೆನೆಂದು ಒದ್ದಾಡುವವನ ಉದಾಹರಣೆ ಅಲ್ಲಿದೆ. ಅದನ್ನು ಓದಿದಾಗ ನನಗೆ ನಮ್ಮ ಎಷ್ಟೋ ಅಜ್ಜಿಯರ ಮುಖ ನೆನಪಾಗುತ್ತದೆ.

ವಾದಿಸಬೇಡಿ ಎನ್ನುವುದು ಸುಲಭ. ಬೇಡದ ಯೋಚನೆಯನ್ನು ಓಡಿಸಲು ಹೊರಟರೆ ಅದು ಇನ್ನೂ ಹತ್ತಿರ ಬರುತ್ತದೆ. ಈ ಔಷಧಿ ಕುಡಿಯುವಾಗ ಮಂಗನನ್ನು ಮಾತ್ರ ನೆನೆಯಬೇಡ ಎಂದು ವೈದ್ಯ ಹೇಳಿದ ಕಥೆ ನಿಮಗೆಲ್ಲ ಗೊತ್ತು. ಅಲ್ಲಿಯವರೆಗೆ ಮಂಗನ ಸುದ್ದಿಯೇ ಇರದ ರೋಗಿಗೆ ಅಂದಿನಿಂದ ಬಟ್ಟಲು ಎತ್ತಿದಾಗಲೆಲ್ಲ ಮಂಗ. ಹಾಗಾದರೆ ಮನಸ್ಸು ಎಲ್ಲಿ ನಿಲ್ಲಬೇಕು? ಅದಕ್ಕೆ ನಿಲ್ಲಲು ಒಂದು ಜಾಗ ಬೇಕು. ಅದನ್ನು ದೇವರು ನಮ್ಮೊಳಗೇ ಇಟ್ಟಿದ್ದಾರೆ.

ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಅವನ ಮೂಗಿನಲ್ಲಿ ಜೀವಶ್ವಾಸವನ್ನು ಊದುತ್ತಾರೆ. ಆ ವಾಕ್ಯದ ಹಳೆಯ ಗ್ರೀಕ್ ಅನುವಾದದಲ್ಲಿ ‘ಊದಿದರು’ ಎನ್ನಲು ಬಳಸಿದ ಕ್ರಿಯಾಪದವನ್ನೇ ಸಂತ ಯೊವಾನ್ನರು ಇಂದಿನ ಶುಭಸಂದೇಶದಲ್ಲಿ ಬಳಸಿದ್ದಾರೆ. ಭಯದಿಂದ ಉಸಿರುಗಟ್ಟಿ ಕುಳಿತವರನ್ನು ಪ್ರಭು ಹೊಸದಾಗಿ ಸೃಷ್ಟಿಸುತ್ತಿದ್ದಾರೆ. ಹಿಬ್ರೂ ಭಾಷೆಯಲ್ಲಿ ಗಾಳಿಗೂ ಉಸಿರಿಗೂ ಆತ್ಮಕ್ಕೂ ‘ರೂಹ’ ಎಂಬ ಒಂದೇ ಪದ. ನಮ್ಮ ಕನ್ನಡವೂ ಹಿಂದೆ ಬಿದ್ದಿಲ್ಲ. ‘ಪ್ರಾಣ’ ಎಂದರೆ ಉಸಿರೂ ಹೌದು, ಜೀವವೂ ಹೌದು. ಹೆದರಿದಾಗ ಉಸಿರು ಬಿಗಿಹಿಡಿಯುತ್ತೇವೆ, ದುಃಖವಾದಾಗ ನಿಟ್ಟುಸಿರು ಬಿಡುತ್ತೇವೆ, ಅಪಾಯ ಕಳೆದಾಗ ಅಬ್ಬಾ ಎಂದು ಉಸಿರು ಬಿಡುತ್ತೇವೆ.

ಭಯದ ಯೋಚನೆ ಬಂದಾಗ ಉಸಿರು ಮೇಲೆ ಮೇಲೆ, ಬೇಗ ಬೇಗ ಓಡುತ್ತದೆ; ಎದೆ ಹೊಡೆದುಕೊಳ್ಳುತ್ತದೆ. ಎದೆ ಹೊಡೆದುಕೊಳ್ಳುವುದನ್ನು ಕಂಡ ಮನಸ್ಸು ಇನ್ನಷ್ಟು ಹೆದರುತ್ತದೆ. ಹೃದಯವನ್ನು ನಿಧಾನವಾಗು ಎಂದರೆ ಅದು ಕೇಳುವುದಿಲ್ಲ. ಉಸಿರು ಮಾತ್ರ ನಮ್ಮ ಮಾತು ಕೇಳುತ್ತದೆ. ಉಸಿರನ್ನು ಹೊರಬಿಡುವಾಗ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ. ಹೀಗೆಯೇ ದೇವರು ನಮ್ಮ ನರಮಂಡಲವನ್ನು ಮಾಡಿದ್ದಾರೆ. ಆದ್ದರಿಂದ ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು, ಬಿಸಿ ಗಂಜಿಯನ್ನು ಆರಿಸುವಂತೆ ಮೆಲ್ಲನೆ ಹೊರಬಿಟ್ಟರೆ, ಕೆಲವು ನಿಮಿಷಗಳಲ್ಲಿ ದೇಹ ತಣಿಯುತ್ತದೆ. ಯೋಚನೆ ಹೋಗಿಬಿಡುತ್ತದೆ ಎಂದು ನಾನು ಹೇಳುತ್ತಿಲ್ಲ. ಅದು ಅಲ್ಲೇ ಇರಬಹುದು. ಆದರೆ ಅದು ಹಿಡಿದ ಕತ್ತು ಸಡಿಲವಾಗುತ್ತದೆ.

ನಿಮ್ಮಲ್ಲಿ ಅನೇಕರು ಇದನ್ನು ದಿನವೂ ಮಾಡುತ್ತಿದ್ದೀರಿ, ತಿಳಿಯದೆ. 2001ರ ಡಿಸೆಂಬರ್‌ನಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಇಟಲಿಯ ವೈದ್ಯ ಲುಚಿಯಾನೊ ಬೆರ್ನಾರ್ದಿ ಮತ್ತು ಅವರ ಸಂಗಡಿಗರು 23 ಮಂದಿ ಆರೋಗ್ಯವಂತರಿಗೆ ಜಪಸರದ ನಮೋ ಮರಿಯಾ ಪ್ರಾರ್ಥನೆಯನ್ನು ಲತೀನ್ ಭಾಷೆಯಲ್ಲಿ ಹೇಳಿಸಿ, ಉಸಿರಾಟವನ್ನೂ ಹೃದಯದ ಲಯವನ್ನೂ ಅಳೆದರು. ಸಾಮಾನ್ಯವಾಗಿ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತರಷ್ಟಿರುವ ಉಸಿರಾಟ ಜಪಸರ ಹೇಳುವಾಗ ಸುಮಾರು ಆರಕ್ಕೆ ಇಳಿಯಿತು. ಹೃದಯದ ಲಯವೂ ಅದರ ಜೊತೆ ಹೊಂದಿಕೊಂಡಿತು. ಒಬ್ಬರು ಅರ್ಧ ಹೇಳುವುದು, ಉಳಿದವರು ಅರ್ಧ ಹೇಳುವುದು: ನಮ್ಮ ಸರದಿಯಲ್ಲಿ ಉಸಿರು ಹೊರಗೆ ಹೋಗುತ್ತದೆ, ಎದುರಿನವರ ಸರದಿಯಲ್ಲಿ ಒಳಗೆ ಬರುತ್ತದೆ. ಮನೆಮಂದಿಯೆಲ್ಲ ಸೇರಿ ಹೇಳುವ ಜಪಸರದ ಗುಟ್ಟಿನಲ್ಲಿ ಇದೂ ಒಂದು. ಆದರೆ ಧಾರಾವಾಹಿ ಶುರುವಾಗುವುದರೊಳಗೆ ಮುಗಿಸಬೇಕೆಂದು ಐವತ್ತು ಮಣಿಗಳನ್ನು ಎಂಟು ನಿಮಿಷದಲ್ಲಿ ಓಡಿಸಿದರೆ, ಆ ಲಾಭವನ್ನು ಅಳೆಯಲು ಯಾವ ವೈದ್ಯರಿಂದಲೂ ಆಗದು!

ಉಸಿರಿನ ಮಾತೆತ್ತಿದರೆ, ಫಾದರ್, ಇದು ನಮ್ಮ ಧರ್ಮದ್ದೇ, ಹೊರಗಿನದೇ ಎಂದು ಕೇಳುವವರಿದ್ದಾರೆ. ಆ ಅಧ್ಯಯನದಲ್ಲೇ ಯೋಗದ ಮಂತ್ರವನ್ನೂ ಪರೀಕ್ಷಿಸಿದರು. ಫಲಿತಾಂಶ ಅದೇ ಬಂತು. ಉಸಿರು ದೇವರು ಎಲ್ಲರಿಗೂ ಕೊಟ್ಟದ್ದು, ಅದಕ್ಕೆ ಜಾತಿಯಿಲ್ಲ. ಆದರೂ ನಮ್ಮ ಪರಂಪರೆಯಲ್ಲೇ ಇದಕ್ಕೆ ಆಳವಾದ ಬೇರಿದೆ. ಏಳನೆಯ ಶತಮಾನದಲ್ಲಿ ಸೀನಾಯಿ ಬೆಟ್ಟದ ಮಠಾಧಿಪತಿಯಾಗಿದ್ದ ಸಂತ ಜಾನ್ ಕ್ಲಿಮಾಕಸ್, ಯೇಸುವಿನ ಸ್ಮರಣೆಯನ್ನು ಉಸಿರಿನೊಂದಿಗೆ ಸೇರಿಸಿಕೊಳ್ಳುವಂತೆ ತಮ್ಮ ಸನ್ಯಾಸಿಗಳಿಗೆ ಕಲಿಸಿದರು. ಸಂತ ಇಗ್ನೇಷಿಯಸ್ ಅವರ ‘ಆಧ್ಯಾತ್ಮಿಕ ಸಾಧನೆ’ಗೆ 1548ರಲ್ಲಿ ಮೂರನೆಯ ಪೌಲ್ ಜಗದ್ಗುರುಗಳ ಅನುಮೋದನೆ ದೊರೆಯಿತು, ಅದರಲ್ಲಿ ಹೇಳಿರುವ ಪ್ರಾರ್ಥನೆಯ ಮೂರನೆಯ ವಿಧಾನವೇ ಇದು. ಪ್ರಭು ಕಲಿಸಿದ ಪ್ರಾರ್ಥನೆಯನ್ನು ಒಂದು ಉಸಿರಿಗೆ ಒಂದೇ ಪದದಂತೆ ಹೇಳಬೇಕು. ‘ತಂದೆಯೇ’ ಎನ್ನಬೇಕು, ಮುಂದಿನ ಉಸಿರು ಬರುವವರೆಗೆ ಆ ಪದದ ಅರ್ಥದಲ್ಲೋ, ಆ ತಂದೆಯ ಮುಖದಲ್ಲೋ ಮನಸ್ಸನ್ನಿಡಬೇಕು.

ಒಂದು ಎಚ್ಚರಿಕೆ. ದೇಹ ತಣಿದಾಗ ಆಗುವ ಹಿತವನ್ನೇ ಪವಿತ್ರಾತ್ಮರ ಸಾಂತ್ವನವೆಂದು ಭಾವಿಸಬಾರದೆಂದು ವಿಶ್ವಾಸ ಬೋಧನಾ ಆಯೋಗ 1989ರಲ್ಲಿ ಧ್ಯಾನದ ಕುರಿತು ಬರೆದ ಪತ್ರದಲ್ಲಿ ಹೇಳಿತು. ಆ ಮಾತು ನನಗೆ ಸರಿ ಎನಿಸುತ್ತದೆ. ಉಸಿರಾಟ ಅಂಗಳ ಗುಡಿಸಿದಂತೆ. ಅತಿಥಿ ಬರುವುದು ಅವರ ಇಷ್ಟ. ಇನ್ನು, ಕೆಟ್ಟ ಯೋಚನೆ ಬಂದಾಗಲೆಲ್ಲ ಹತ್ತು ಸಲ ಉಸಿರಾಡಿದರೆ ಮಾತ್ರ ಅನಾಹುತ ತಪ್ಪುತ್ತದೆ ಎಂದು ಲೆಕ್ಕ ಇಡತೊಡಗಿದರೆ, ಅದೂ ಸಂತ ಇಗ್ನೇಷಿಯಸ್ ಅವರ ಪಾಪದ ಪಟ್ಟಿಯಂತೆಯೇ ಇನ್ನೊಂದು ಸರಪಳಿಯಾದೀತು. ಕೆಲವರಿಗೆ, ಮುಖ್ಯವಾಗಿ ಉಬ್ಬಸ ಇರುವವರಿಗೆ, ಉಸಿರನ್ನು ಗಮನಿಸಿದರೇ ಗಾಬರಿ ಹೆಚ್ಚುತ್ತದೆ. ಅವರು ಅದನ್ನು ಬಿಟ್ಟು, ಪಾದಗಳು ನೆಲಕ್ಕೆ ತಾಗಿರುವುದನ್ನು ಗಮನಿಸಲಿ, ಕೈಯಲ್ಲಿ ಜಪಸರದ ಮಣಿ ಹಿಡಿಯಲಿ. ಸಾಕು.

ಈಗ ಕೃತಜ್ಞತೆಯ ಮಾತು. ಇದನ್ನು ಹೇಳಲು ನನಗೆ ಸ್ವಲ್ಪ ಅಂಜಿಕೆಯಿದೆ, ಯಾಕೆಂದರೆ ನಮ್ಮಲ್ಲಿ ಈ ಮಾತನ್ನು ಬಹಳ ಒರಟಾಗಿ ಬಳಸುತ್ತಾರೆ. ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸಿಗೆ ಅಂದೇ ಸಂಜೆ, ಮಕ್ಕಳಾದರೂ ಇದ್ದಾರಲ್ಲ, ದೇವರಿಗೆ ಸ್ತೋತ್ರ ಹೇಳು ಎನ್ನುತ್ತಾರೆ. ಅದು ಕೃತಜ್ಞತೆಯ ಪಾಠವಲ್ಲ, ಅಳು ನಿಲ್ಲಿಸು ಎಂಬ ಆಜ್ಞೆ. ಲಾಜರರ ಸಮಾಧಿಯ ಮುಂದೆ ಯೇಸು ಮೊದಲು ಅತ್ತರು. ಆಮೇಲೆ ತಂದೆಗೆ ವಂದನೆ ಹೇಳಿದರು. ಈ ಕ್ರಮವನ್ನು ನಾವು ತಿರುವುಮುರುವು ಮಾಡಬಾರದು.

ನೋವಿಲ್ಲವೆಂದು ನಟಿಸುವುದು ಕೃತಜ್ಞತೆಯಲ್ಲ. ಸಂತ ಪೌಲರು ಚಿಂತೆ ಬಿಟ್ಟು, ಕೃತಜ್ಞತೆಯೊಡನೆ ನಿಮ್ಮ ಕೋರಿಕೆಗಳನ್ನು ದೇವರಿಗೆ ತಿಳಿಸಿ ಎಂದು ಫಿಲಿಪ್ಪಿಯರಿಗೆ ಬರೆದಾಗ ಅವರು ಸೆರೆಯಲ್ಲಿದ್ದರು. ಬದುಕುವೆನೋ ಸಾಯುವೆನೋ ಅವರಿಗೇ ಗೊತ್ತಿರಲಿಲ್ಲ. ಅದೇ ಪತ್ರದ ಮೊದಲ ಅಧ್ಯಾಯದಲ್ಲಿ ಅದನ್ನೂ ಬರೆದಿದ್ದಾರೆ. ಅದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಕಣ್ಣೆದುರಿಗಿನ ಈ ಬಲಿಪೀಠ. ತನ್ನನ್ನು ಹಿಡಿದುಕೊಡುವವನು ಅದೇ ಪಂಕ್ತಿಯಲ್ಲಿ ಕುಳಿತಿದ್ದಾನೆ, ಬೆಳಗಾಗುವುದರೊಳಗೆ ಗೆಳೆಯರೆಲ್ಲ ಚದುರುತ್ತಾರೆ ಎಂದು ತಿಳಿದ ರಾತ್ರಿ ಪ್ರಭು ರೊಟ್ಟಿಯನ್ನು ತೆಗೆದುಕೊಂಡು ವಂದನೆ ಸಲ್ಲಿಸಿದರು. ಬಲಿಪೂಜೆಗಿರುವ ‘ಎವುಖರಿಸ್ತಿಯ’ ಎಂಬ ಗ್ರೀಕ್ ಹೆಸರಿನ ಅರ್ಥವೇ ಕೃತಜ್ಞತೆ. ಅಂದು ಅವರು ವಂದಿಸಿದ್ದು ಶಿಲುಬೆಗಾಗಿ ಅಲ್ಲ, ಕೈಯಲ್ಲಿದ್ದ ರೊಟ್ಟಿಗಾಗಿ. ಆ ಕ್ಷಣದಲ್ಲಿ ಇದ್ದುದಕ್ಕಾಗಿ.

ಸಂತ ಇಗ್ನೇಷಿಯಸ್ ಇದನ್ನು ದಿನನಿತ್ಯದ ಅಭ್ಯಾಸವಾಗಿಸಿದರು. ಪಾಪದ ಲೆಕ್ಕದಲ್ಲಿ ಮುಳುಗಿ ಸಾಯುವಂತಾಗಿದ್ದ ಅವರು ಆತ್ಮಪರಿಶೋಧನೆಗೆ ಐದು ಹೆಜ್ಜೆ ಹಾಕಿಕೊಟ್ಟಾಗ, ಮೊದಲ ಹೆಜ್ಜೆಯಾಗಿ ಏನನ್ನಿಟ್ಟರು ಗೊತ್ತೇ? ಪಡೆದ ವರಗಳಿಗಾಗಿ ದೇವರಿಗೆ ವಂದನೆ. ಪಾಪದ ವಿಚಾರ ಬರುವುದು ಆಮೇಲೆ. ನಮ್ಮಲ್ಲಿ ಅನೇಕರು ರಾತ್ರಿಯ ಪ್ರಾರ್ಥನೆಯಲ್ಲಿ ನೇರವಾಗಿ ತಪ್ಪುಗಳಿಂದಲೇ ಶುರುಮಾಡುತ್ತೇವೆ. ಮನಸ್ಸು ಆಗಲೇ ಗಾಯಗೊಂಡಿದ್ದರೆ ಅದು ಗಾಯಕ್ಕೆ ಉಪ್ಪು ಸವರಿದಂತೆ.

ಹೀಗೆ ಮಾಡಿ ನೋಡಿ. ರಾತ್ರಿ ಯೋಚನೆ ಬಂದು ಎಬ್ಬಿಸಿದಾಗ ಅದನ್ನು ಹೊಡೆಯಬೇಡಿ, ಕೂರಿಸಿ ಉಪಚಾರವನ್ನೂ ಮಾಡಬೇಡಿ. ಒಂದು ಯೋಚನೆ ಬಂದಿದೆ ಎಂದು ಒಪ್ಪಿಕೊಳ್ಳಿ. ಹಾಸಿಗೆಯ ಅಂಚಿನಲ್ಲಿ ಕುಳಿತು ಮೆಲ್ಲನೆ ಉಸಿರಾಡಿ. ಬೇಕಾದರೆ ಒಳಗೆ ಬರುವ ಉಸಿರಿನಲ್ಲಿ ಯೇಸುವಿನ ಹೆಸರನ್ನೂ ಹೊರಗೆ ಹೋಗುವ ಉಸಿರಿನಲ್ಲಿ ಕರುಣಿಸಿ ಎಂಬ ಮಾತನ್ನೂ ಇಟ್ಟುಕೊಳ್ಳಿ. ಎದೆ ಸ್ವಲ್ಪ ಇಳಿದ ಮೇಲೆ, ಆ ದಿನ ಸಿಕ್ಕಿದ ಒಂದು ಸಣ್ಣ ವಸ್ತುವನ್ನು ನೆನೆಯಿರಿ. ಆರೋಗ್ಯ, ಕುಟುಂಬ, ವಿಶ್ವಾಸ ಎಂದು ದೊಡ್ಡ ಪಟ್ಟಿ ಓದಬೇಡಿ, ಅದು ಬಾಯಿಪಾಠವಾಗುತ್ತದೆ. ಪಕ್ಕದ ಮನೆಯವರು ಕೊಟ್ಟ ಹಲಸಿನ ತೊಳೆ. ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟ ಹುಡುಗ. ಮಳೆ ಬಂದು ತಣ್ಣಗಾದ ಅಂಗಳ. ಒಂದೇ ಸಾಕು, ಆದರೆ ಅದರ ಬಣ್ಣ, ರುಚಿ, ಸದ್ದು ನೆನಪಾಗುವಷ್ಟು ಹೊತ್ತು ಅದರ ಜೊತೆ ಇರಿ. ಭಯ ಎಂದಿಗೂ ನಾಳೆಯ ಬಗ್ಗೆ ಮಾತಾಡುತ್ತದೆ. ಹಲಸಿನ ತೊಳೆ ಇಂದು ನಿಮ್ಮ ಕೈಗೆ ಬಂದದ್ದು, ಅದನ್ನು ಭಯವೂ ಸುಳ್ಳು ಮಾಡಲಾರದು. ಏನೂ ನೆನಪಾಗದ ರಾತ್ರಿಯೂ ಬರಬಹುದು. ಆಗ ಈಗಷ್ಟೇ ಬಿಟ್ಟ ಉಸಿರಿಗೆ ವಂದನೆ ಹೇಳಿ.

ಇಷ್ಟು ಮಾಡಿಯೂ ನಿದ್ದೆ ಬಾರದಿದ್ದರೆ, ವಾರಗಟ್ಟಲೆ ಊಟ ರುಚಿಸದಿದ್ದರೆ, ಕೈ ತೊಳೆದಷ್ಟೂ ತೊಳೆಯಬೇಕೆನಿಸಿದರೆ, ಹೇಳಿದ ಪಾಪವನ್ನೇ ಹತ್ತನೆಯ ಸಲ ಹೇಳಬೇಕೆನಿಸಿದರೆ, ಬದುಕು ಸಾಕೆನಿಸಿದರೆ, ವೈದ್ಯರ ಬಳಿಗೆ ಹೋಗಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನಲು ನಾಚದವರು ಮನಸ್ಸಿನ ಕಾಯಿಲೆಗೆ ನಾಚಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇದೆ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಜಪಸರದ ಪಕ್ಕದಲ್ಲಿ ಆ ಸಂಖ್ಯೆಯನ್ನೂ ಬರೆದಿಡಿ. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ಅವರ ಕಣ್ಣಿಗೆ ಬೀಳುವಲ್ಲಿ ಅಂಟಿಸಿ.

ಹೀಗೆ ಒಬ್ಬರನ್ನು ಕಳೆದುಕೊಂಡ ಕುಟುಂಬ ಈ ದೇವಾಲಯದಲ್ಲಿ ಇಂದು ಕುಳಿತಿದ್ದರೆ, ಅವರಿಗೊಂದು ಮಾತು. ತೀವ್ರ ಮಾನಸಿಕ ತೊಂದರೆ, ಭಯ, ಯಾತನೆ ಮನುಷ್ಯನ ಹೊಣೆಯನ್ನು ತಗ್ಗಿಸುತ್ತವೆಂದೂ, ಅಂತಹವರ ನಿತ್ಯ ರಕ್ಷಣೆಯ ಬಗ್ಗೆ ನಾವು ಆಸೆ ಬಿಡಬಾರದೆಂದೂ, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆಂದೂ ಕಥೋಲಿಕ ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ಬಾಗಿಲು ಮುಚ್ಚಿದ್ದರೂ ಪ್ರಭು ಒಳಗೆ ಬಂದದ್ದನ್ನು ಈಗಷ್ಟೇ ಕೇಳಿದೆವಲ್ಲ. ನಮ್ಮಿಂದ ತೆರೆಯಲಾಗದ ಬಾಗಿಲ ಹಿಂದೆ ಅವರು ಹೋಗಲಾರರೇ?

ಮಾತಾಡದವರನ್ನು ಕನ್ನಡದಲ್ಲಿ ಉಸಿರೆತ್ತಲಿಲ್ಲ ಎನ್ನುತ್ತೇವೆ. ಗೆತ್ಸೆಮನೆಯಲ್ಲಿ ಯೇಸು ಉಸಿರೆತ್ತಿದರು. ಸಾಯುವಷ್ಟು ದುಃಖ ತುಂಬಿದೆ ಎಂದು ಮೂವರು ಗೆಳೆಯರಿಗೆ ಬಾಯಿಬಿಟ್ಟು ಹೇಳಿದರು, ಜೊತೆಯಲ್ಲಿ ಎಚ್ಚರವಾಗಿರಿ ಎಂದು ಬೇಡಿದರು. ಗೆಳೆಯರು ನಿದ್ದೆ ಹೋದರು. ಬಲಿಪೂಜೆ ಮುಗಿದು ಮನೆಗೆ ಹೋದ ಮೇಲೆ, ಇತ್ತೀಚೆಗೆ ಮಾತು ಕಡಿಮೆ ಮಾಡಿದವರು ಯಾರೆಂದು ಊಟದ ಹೊತ್ತಿಗೆ ಸುತ್ತ ನೋಡಿ. ಅವರ ಪಕ್ಕ ಕುಳಿತುಕೊಳ್ಳಿ. ಉಪದೇಶ ಮಾಡಬೇಡಿ.

ಇನ್ನು ಸ್ವಲ್ಪ ಹೊತ್ತಿನಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸವನ್ನು ತಂದು, ದೇವರಿಗೆ ಕೃತಜ್ಞತೆ ಸಲ್ಲಿಸಲು ನಿಮ್ಮನ್ನು ಕರೆಯುತ್ತೇನೆ. ಅದಕ್ಕೆ ಮುನ್ನ, ವಿಶ್ವಾಸ ಪ್ರಮಾಣಕ್ಕಾಗಿ ಏಳುವ ಮುನ್ನ, ಯಾರೂ ಏನೂ ಹೇಳದೆ ನಾಲ್ಕೈದು ಉಸಿರಿನಷ್ಟು ಹೊತ್ತು ಹೀಗೆಯೇ ಕುಳಿತಿರೋಣ. ಮಕ್ಕಳು ಸದ್ದು ಮಾಡಿದರೆ ಮಾಡಲಿ.